ಕಿಟಕಿ ಕಡೆಯ ಕೆನ್ನೆ

ಭಾನುವಾರ, ಮಧ್ಯಾಹ್ನ
ಮನೆಯಿಂದ (ಯಾವ ಮನೆ ಎಂದು ಕೇಳಬೇಡ. ನಿನ್ನ ಹಳೇ ಚಪ್ಪಲಿ ಇನ್ನೂ ಬಾಗಿಲ ಹಿಂದೆ ಇರುವ ಮನೆ)

ಪ್ರೀತಿಯ ನಿಧಾನಪ್ಪನಿಗೆ,

ನಾನು ಕ್ಷೇಮ. ನೀನು ಕ್ಷೇಮವೇ ಎಂದು ಕೇಳಿ ಬರೆಯುವ ಅಗತ್ಯ ನಮ್ಮಿಬ್ಬರಿಗೆ ಇದುವರೆಗೆ ಬಿದ್ದಿರಲಿಲ್ಲ. ದಿನಕ್ಕೆರಡು ಸಲ ಸೇತುವೆಯ ಮೇಲೆ ನಿನ್ನ ಬಸ್ಸೂ ನನ್ನ ಬಸ್ಸೂ ಎದುರುಬದುರಾಗುತ್ತಿದ್ದವು. ನಿನ್ನ ಕಿಟಕಿ ನನ್ನ ಕಿಟಕಿಯನ್ನು ದಾಟುವಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ಶೀತವಾಗಿದ್ದರೆ ಕುತ್ತಿಗೆಗೆ ಮಫ್ಲರು. ನಿದ್ದೆ ಸಾಲದಿದ್ದರೆ ಗಡ್ಡ ಬೋಳಿಸಿರುವುದಿಲ್ಲ. ಈಗ ಎರಡು ತಿಂಗಳಿನಿಂದ ಅದಕ್ಕೂ ಕಲ್ಲು ಬಿದ್ದಿದೆ. ಈ ಜಗತ್ತಿನಲ್ಲಿ ರಸ್ತೆ ಬಿಟ್ಟರೆ ಇನ್ನೇನೂ ಇಲ್ಲ ಎನ್ನುವ ಹಾಗೆ ನೀನು ಮೂಗಿನ ನೇರಕ್ಕೆ ನೋಡಿಕೊಂಡು ಹೋಗಿಬಿಡುತ್ತೀ. ಅದಕ್ಕೇ ಈ ಕಾಗದ.

ಮೊದಲು ‘ನೀವು’ ಎಂದು ಬರೆಯಲು ಕೂತೆ, ಮುನಿಸಿಕೊಂಡಿದ್ದೇನೆಂದು ಗೊತ್ತಾಗಲಿ ಎಂದು. ನಾಲ್ಕು ಸಾಲು ಬರೆದು ಓದಿದರೆ ಡಿಪೋ ಮ್ಯಾನೇಜರಿಗೆ ಕೊಡುವ ರಜೆ ಅರ್ಜಿಯ ಹಾಗಿತ್ತು. ಹರಿದೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ಹತ್ತು ಮಾತಿಗೊಂದು ‘ಹ್ಞೂ’ ಎನ್ನುತ್ತೀ, ಆ ಹ್ಞೂ ಒಪ್ಪಿಗೆಯೋ ಆಕಳಿಕೆಯೋ ಎಂದು ನಾನು ದಿನವಿಡೀ ತಲೆ ಕೆಡಿಸಿಕೊಳ್ಳಬೇಕು. ಕಾಗದದ ನಡುವೆ ಹ್ಞೂ ಎನ್ನಲು ಬರುವುದಿಲ್ಲ. ಪೂರ್ತಿ ಓದಲೇಬೇಕು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಗಾಜು ಏರಿಸಿಕೊಂಡು ಸೇತುವೆ ದಾಟುತ್ತಿರುವುದು ನಿನ್ನನ್ನು ನೋಡಬಾರದೆಂದಲ್ಲ. ಅದು ಚರ್ಮದ ಡಾಕ್ಟರ ಅಪ್ಪಣೆ. ನನ್ನ ಬಂಗಿಗೆ, ಅದೇ ಕೆನ್ನೆಯ ಆ ಕಪ್ಪು ಕಲೆಗೆ, ಮದ್ದು ನಡೆಯುತ್ತಿದೆ.

ನಾನಾಗಿ ಹೋದವಳಲ್ಲ. ಒಂದು ದಿನ ಮಾರ್ಕೆಟ್ ಸ್ಟಾಪಿನಲ್ಲಿ ಹತ್ತಿದ ಒಬ್ಬ ಅಜ್ಜಿ ನನ್ನ ಮುಖವನ್ನೇ ನೋಡುತ್ತ ನಿಂತು, “ಏನಮ್ಮಾ, ಒಂದ್ ಕಡೆ ಮಾತ್ರ ಬೆಂದಿದ್ಯಲ್ಲ, ತಿರುವಿ ಹಾಕೋರು ಯಾರೂ ಇಲ್ವಾ?” ಎಂದು ಕೇಳಿದಳು. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಆದರೆ ನಮ್ಮ ಸಿಳ್ಳೆ ಅಕ್ಕ ನಗಲಿಲ್ಲ. ಅವಳು ನಿನಗೆ ಗೊತ್ತಲ್ಲ, ಸಂಸ್ಥೆ ಕೊಟ್ಟ ಸೀಟಿಯನ್ನು ಚೀಲದಲ್ಲಿಟ್ಟು ಎರಡು ಬೆರಳು ಬಾಯಿಗಿಟ್ಟೇ ಸಿಳ್ಳೆ ಹಾಕುವ ಕಂಡಕ್ಟರು. ನನ್ನ ಕಣ್ಣಲ್ಲಿ ನೀರು ನಿಂತದ್ದನ್ನು ಅವಳು ಕನ್ನಡಿಯಲ್ಲಿ ನೋಡಿಬಿಟ್ಟಿದ್ದಳು. ಮರುದಿನ ವಾರದ ರಜೆ. ಕೈ ಹಿಡಿದು ದರದರ ಎಳೆದುಕೊಂಡೇ ಹೋದಳು.

ಡಾಕ್ಟರು ವಯಸ್ಸಾದ ಹೆಂಗಸು. ಅವರ ಮುಂಗೈಯ ಮೇಲೆಯೇ ಕಂದು ಚುಕ್ಕೆಗಳಿವೆ, ಅವನ್ನು ಮುಚ್ಚಿಕೊಳ್ಳುವ ಗೋಜಿಗೆ ಅವರು ಹೋಗಿಲ್ಲ. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಭೂತಗನ್ನಡಿಯಲ್ಲಿ ಇಂಚಿಂಚೂ ನೋಡಿದರು. ಏನೇನು ಹಚ್ಚಿದ್ದೀರಿ ಎಂದು ಕೇಳಿದರು. ನಿಂಬೆರಸ, ಜೇನುತುಪ್ಪ, ಆಲೂಗಡ್ಡೆ ರಸ, ಟೊಮೇಟೊ ಎಂದು ಒಪ್ಪಿಸಿದೆ. “ಇದು ಮುಖಾನೋ ಅಡುಗೆಮನೇನೋ?” ಎಂದರು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಲೆ ಹೋಗುವುದಿರಲಿ, ಹೊಸದು ನಾಲ್ಕು ಏಳುತ್ತವಂತೆ. ಕೊನೆಗೆ ಚೀಲದಿಂದ ಆ ಟ್ಯೂಬು ತೆಗೆದು ಕೊಟ್ಟೆ. ಅದರ ಹಿಂಬದಿ ಓದಿದ ಮೇಲೆ ಅವರ ಮುಖದ ನಗು ಹೋಯಿತು.

ಹೌದು, ಅದೇ ಟ್ಯೂಬು. ನೀನು ಮೆಡಿಕಲ್ ಶಾಪಿನಿಂದ ತಂದುಕೊಟ್ಟದ್ದು. ಅದನ್ನು ನಿನ್ನೆದುರೇ ಕಿಟಕಿಯಿಂದಾಚೆ ಎಸೆದವಳು ಮತ್ತೆ ಯಾಕೆ ಚೀಲದಲ್ಲಿಟ್ಟುಕೊಂಡಿದ್ದಳು ಎಂದು ಹುಬ್ಬೇರಿಸಬೇಡ. ನೀನು ಹೋದ ಮೇಲೆ ನಾನೇ ಕೊಂಡು ತಂದೆ. ಹಚ್ಚದಿದ್ದರೆ ಮುಖ ಧಗಧಗ ಉರಿಯುತ್ತಿತ್ತು, ಹಚ್ಚಿದರೆ ತಣ್ಣಗಾಗುತ್ತಿತ್ತು. ಡಾಕ್ಟರು ಹೇಳಿದರು: ಅದರಲ್ಲಿ ಮೂರು ಔಷಧ ಸೇರಿಸಿದ್ದಾರೆ, ಒಂದು ಸ್ಟೀರಾಯ್ಡು. ಡಾಕ್ಟರು ನೋಡಿಕೊಂಡು ಕೆಲವು ವಾರಕ್ಕೆ ಕೊಡಬೇಕಾದದ್ದನ್ನು ಜನ ಸೋಪಿನ ಹಾಗೆ ತಂದು ವರ್ಷಗಟ್ಟಲೆ ಬಳಿಯುತ್ತಾರೆ. ಮೊದಲ ತಿಂಗಳು ಮುಖ ಬೆಳ್ಳಗಾಗುತ್ತದೆ, ಊರೆಲ್ಲ ಹೊಗಳುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ಗೆರೆ ಏಳುತ್ತದೆ, ಬಂಗು ಮೊದಲಿಗಿಂತ ದಟ್ಟವಾಗಿ ಮರಳುತ್ತದೆ. “ಯಾರು ಕೊಟ್ರಿ ಇದನ್ನ?” ಎಂದು ಗದರಿಸಿದರು. ಪರಿಚಯದವರೊಬ್ಬರು ಎಂದೆ. ಗಂಡ ಎನ್ನಲು ನಾಲಿಗೆ ಏಳಲಿಲ್ಲ. ಅವರ ಕೈಯಲ್ಲಿ ನಿನ್ನನ್ನು ಬೈಸಲು ನನಗೆ ಇಷ್ಟವಿರಲಿಲ್ಲ. ಬೈಯುವ ಹಕ್ಕು ನನ್ನೊಬ್ಬಳದು.

ಆಮೇಲೆ ಅವರು ಎರಡೂ ಕೆನ್ನೆಯನ್ನು ಸರದಿಯಂತೆ ನೋಡಿದರು. ಬಂಗು ಸಾಮಾನ್ಯವಾಗಿ ಎರಡು ಕಡೆಗೂ ಸಮನಾಗಿ ಬರುತ್ತದಂತೆ. ಅಮ್ಮನಿಗೆ ಇದ್ದರೆ ಮಗಳಿಗೂ ಬರಬಹುದು, ಬಸುರಿನಲ್ಲಿ ಬರಬಹುದು, ಕೆಲವು ಮಾತ್ರೆಗಳಿಂದ ಬರಬಹುದು. ನಮ್ಮಮ್ಮನಿಗೆ ಇತ್ತು ಎಂದೆ. “ಅದು ಸರಿ, ಆದ್ರೆ ನಿಮಗೆ ಬಲಗಡೆ ಒಂದಕ್ಕೆರಡು ಯಾಕಿದೆ? ಯಾವ ಕಡೆ ಕಿಟಕಿ ಹತ್ರ ಕೂತ್ಕೋತೀರಿ ದಿನಾ?” ಎಂದು ಕೇಳಿದರು. ಬಸ್ಸು ಓಡಿಸುತ್ತೇನೆ ಎಂದೆ. ಅವರು ಬೆನ್ನು ಹಿಂದಕ್ಕೆ ಆನಿಸಿ, ಕಳ್ಳ ಸಿಕ್ಕಿಬಿದ್ದ ಎನ್ನುವ ಹಾಗೆ ನಕ್ಕರು.

ಗಾಜು ಏರಿಸಿಕೊಂಡರೆ ಬಿಸಿಲು ಬೀಳುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೇವಲ್ಲ, ಅದು ಅರ್ಧ ನಿಜ. ಚರ್ಮವನ್ನು ಸುಡುವ ಬೆಳಕನ್ನು ಗಾಜು ತಡೆಯುತ್ತದೆ, ಕಪ್ಪು ಮಾಡುವ ಬೆಳಕನ್ನು ಒಳಗೆ ಬಿಡುತ್ತದೆ. ಉರಿಯುವುದಿಲ್ಲವಾದ್ದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಬಿಸಿಲು ಬಿದ್ದ ಕೂಡಲೇ ಚರ್ಮ ತನ್ನದೇ ಒಂದು ಕೊಡೆ ಬಿಚ್ಚಿಕೊಳ್ಳುತ್ತದೆ, ಆ ಕೊಡೆಯೇ ಈ ಕಪ್ಪು ಎಂದರು. ಕೆಲವರ ಕೊಡೆ ನೆರಳಿಗೆ ಬಂದರೆ ಮುಚ್ಚಿಕೊಳ್ಳುತ್ತದೆ. ನನ್ನಂಥವರದು ಬಿಚ್ಚಿದ್ದು ಬಿಚ್ಚಿದ ಹಾಗೇ. ಅದರ ಮೇಲೆ ನಾನು ಗಾಜನ್ನೂ ಇಳಿಸಿಕೊಂಡು ಓಡಿಸುತ್ತೇನೆಯೇ ಎಂದು ಕೇಳಿದರು. ಸೇತುವೆಯ ಮೇಲೆ ಮಾತ್ರ ಎಂದೆ. ಸೇತುವೆಯ ಮೇಲೆ ಯಾಕೆ ಎಂದರು. “ಅಲ್ಲಿ ಗಾಳಿ ಚೆನ್ನಾಗಿರುತ್ತೆ” ಎಂದೆ. ಒಂದೇ ಭೇಟಿಯಲ್ಲಿ ಎರಡು ಸುಳ್ಳು. ಸಿಳ್ಳೆ ಅಕ್ಕ ಪಕ್ಕದಲ್ಲೇ ಕೂತು ಚಾವಣಿ ನೋಡುತ್ತಿದ್ದಳು.

ಹಳೆಯ ಕ್ರೀಮನ್ನು ಅವರು ಹೇಳಿದ ಹಾಗೆ ಕ್ರಮೇಣ ಕಡಿಮೆ ಮಾಡಿ ಬಿಟ್ಟೆ. ಬಿಟ್ಟ ಮೇಲೆ ಕೆಲವು ವಾರ ಮುಖ ಮುಖವಾಗಿರಲಿಲ್ಲ. ಕೆಂಪು, ಗುಳ್ಳೆ, ತಣ್ಣೀರು ಬಿದ್ದರೂ ಉರಿ. ಬಟ್ಟೆ ಸುತ್ತಿಕೊಂಡದ್ದು ಬಿಸಿಲಿಗೆ ನಿಜ, ಆದರೆ ಆ ಮುಖವನ್ನು ನಿನಗೆ ತೋರಿಸಲು ಮನಸ್ಸಿಲ್ಲದ್ದೂ ನಿಜ. ಡಾಕ್ಟರ ಹೆಸರಿನ ಹಿಂದೆ ಅದನ್ನು ಅಡಗಿಸುವುದಿಲ್ಲ. ಈಗ ಉರಿ ಇಳಿದಿದೆ. ಬೆಳಿಗ್ಗೆ ಎದ್ದು ಎರಡು ಬೆರಳಿನ ಉದ್ದಕ್ಕೂ ಸನ್‌ಸ್ಕ್ರೀನ್ ಹಿಂಡಿ ಮುಖಕ್ಕೂ ಕತ್ತಿಗೂ ಹಚ್ಚುತ್ತೇನೆ. ಚರ್ಮದ ಬಣ್ಣದ್ದೇ ಬೇಕಂತೆ, ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಆಗುವುದಿಲ್ಲವಂತೆ. ಬೆಳಿಗ್ಗೆ ಹಚ್ಚಿದ್ದು ಸಂಜೆವರೆಗೆ ಬರುವುದಿಲ್ಲ ಎಂದು ಟ್ರಿಪ್ಪಿನ ಕೊನೆಯಲ್ಲಿ ಮತ್ತೆ ಹಚ್ಚುತ್ತೇನೆ. ಮಲಗುವಾಗ ಅವರು ಬರೆದುಕೊಟ್ಟ ಬೇರೆ ಮುಲಾಮು, ಅದೂ ತೆಳ್ಳಗೆ. ಉಜ್ಜುವಂತಿಲ್ಲ, ಕೆರೆಯುವಂತಿಲ್ಲ, ಯಾರೋ ಹೇಳಿದರೆಂದು ಇನ್ನೇನೋ ಮೆತ್ತುವಂತಿಲ್ಲ. ಇಷ್ಟೆಲ್ಲ ಮಾಡಿದರೆ ಪೂರ್ತಿ ಹೋಗುತ್ತದೆಯೇ ಎಂದು ಕೇಳಿದೆ. “ಹೋಗುತ್ತೆ ಅಂತ ಹೇಳೋರನ್ನ ನಂಬಬೇಡಿ. ತಿಳಿಯಾಗುತ್ತೆ. ತಿಂಗಳುಗಟ್ಟಲೆ ಕಾಯ್ಬೇಕು. ಬಿಸಿಲಿಗೆ ಮುಖ ಕೊಟ್ರೆ ಮತ್ತೆ ಬರುತ್ತೆ, ಚರ್ಮಕ್ಕೆ ನೆನಪು ಜಾಸ್ತಿ” ಎಂದರು. ನೆನಪು ಜಾಸ್ತಿ ಇರುವುದು ಬರೀ ಚರ್ಮಕ್ಕಲ್ಲ.

ಇನ್ನು ಆ ಜಗಳ. ತಪ್ಪು ನನ್ನದೆಂದು ಬರೆಯುತ್ತಿಲ್ಲ, ಹಾಗೆಂದು ಓದಿಕೊಳ್ಳಲೂಬೇಡ. ಕ್ರೀಮು ಹಚ್ಚಿ ಮುಖ ಬೆಳ್ಳಗಾದ ದಿನಗಳಲ್ಲಿ ನೀನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ “ಈಗ ಚೆನ್ನಾಗಿ ಕಾಣ್ತೀಯ” ಎಂದೆ. ಆ ‘ಈಗ’ ನನ್ನ ಕಿವಿಗೆ ಮುಳ್ಳಿನ ಹಾಗೆ ಚುಚ್ಚಿತು. ಹಾಗಾದರೆ ಮೊದಲು ಹೇಗೆ ಕಾಣುತ್ತಿದ್ದೆ ಎಂದು ಕೇಳಿದೆ. ನೀನು ಕೊನೆಯ ಗುಂಡಿ ಹಾಕುವುದನ್ನೂ ಬಿಟ್ಟು ಉತ್ತರ ಹುಡುಕುತ್ತ ನಿಂತೆ. ಬೇರೆ ಗಂಡಸಾಗಿದ್ದರೆ ಆ ಕ್ಷಣಕ್ಕೆ ಒಂದು ಸುಳ್ಳು ಬಿಸಾಕಿ ಪಾರಾಗುತ್ತಿದ್ದ. ನಿನಗೆ ಯಾವುದೂ ಬೇಗ ಬಾಯಿಗೆ ಬರುವುದಿಲ್ಲ. ನನಗೋ, ಕಾಯಲು ಬರುವುದಿಲ್ಲ. ಆಮೇಲೆ ಮುಖ ಮತ್ತೆ ಕಪ್ಪಾದಾಗ ಅದೇ ‘ಈಗ’ವನ್ನು ಹಿಡಿದು ಜಗ್ಗಿದೆ. ನಿನಗೆ ಬೇಕಾದ ಮುಖ ಟ್ಯೂಬಿನಲ್ಲಿದೆ, ಅಂಗಡಿಗೇ ಹೋಗಿ ಸಂಸಾರ ಮಾಡು ಎಂದೆ. ನೀನು ಮಾತಿಗೆ ಮಾತು ಬೆಳೆಸಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತು. ನೀನು ಸುಮ್ಮನಾದೆ. ಸುಮ್ಮನೆ ಹೋಗಿ ರೂಟಿನ ಆ ಕೊನೆಯ ಡಿಪೋಗೆ ವರ್ಗ ಕೇಳಿಕೊಂಡೆ, ಅಲ್ಲೇ ನಿನ್ನ ಅಕ್ಕನ ಮನೆಯ ಮಹಡಿ ಮೇಲೆ ಉಳಿದುಬಿಟ್ಟೆ.

ನನಗೆ ಸಿಟ್ಟು ಯಾತಕ್ಕೆ ಗೊತ್ತೇ? ಗುರುತಿನ ಚೀಟಿಗೆ ಫೋಟೋ ತೆಗೆಸಿದ ದಿನ ಅದನ್ನು ನೋಡಿ ಅತ್ತವಳು ನಾನು. ಏನಾದರೂ ತಂದುಕೊಡು, ಈ ಕಪ್ಪು ಹೋಗಲಿ ಎಂದು ನಿನ್ನ ಅಂಗಿ ಹಿಡಿದು ಕೇಳಿದವಳು ನಾನು. ಆ ಜಗಳದಲ್ಲಿ “ನೀನೇ ಕೇಳಿದ್ಯಲ್ಲೇ” ಎಂದು ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ನೀನು ಹೇಳಲಿಲ್ಲ. ಅಷ್ಟು ಒಳ್ಳೆಯವನಾಗಿರು ಎಂದು ನಿನಗೆ ಯಾರು ಹೇಳಿದ್ದರು?

ಈಗ ಲೈಟಿನ ವಿಷಯ.

ಎದುರಿನಿಂದ ಬರುವ ಬಸ್ಸು ಎರಡು ಸಲ ಲೈಟು ಹೊಡೆದರೆ ನಮ್ಮ ಡ್ರೈವರುಗಳಲ್ಲಿ ಅದಕ್ಕಿರುವುದು ಒಂದೇ ಅರ್ಥ: ಮುಂದೆ ಚೆಕಿಂಗ್‌ನವರು ನಿಂತಿದ್ದಾರೆ, ನಿಧಾನ. ನನಗೆ ಇದನ್ನು ಕಲಿಸಿದವನೇ ನೀನು. ಟ್ರೈನಿಂಗಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಗೇರು ಹಾಕಿದರೂ ನಿಧಾನ, ತೆಗೆದರೂ ನಿಧಾನ ಎಂದು ಜಪ ಮಾಡುತ್ತಿದ್ದೆ. ನಾನು ನಿಧಾನಪ್ಪ ಎಂದು ಹೆಸರಿಟ್ಟೆ, ನೀನು ಗಡಿಬಿಡಿ ಎಂದು ತಿರುಗಿ ಇಟ್ಟೆ. ನೀನು ಬಿಟ್ಟುಹೋದ ಮೇಲೆ ಸೇತುವೆಯ ಮೇಲೆ ಮೊದಲ ಸಲ ಎದುರಾದಾಗ ಎರಡು ಸಲ ಲೈಟು ಹೊಡೆದೆಯಲ್ಲ, ನನ್ನ ಕೈ ತಾನಾಗಿ ಗಾಜಿಗೆ ಹೋಗಿತ್ತು. ಮರುಕ್ಷಣ ಅರ್ಥ ನೆನಪಾಯಿತು. ಚೆಕಿಂಗ್ ಇದೆ ಎನ್ನುತ್ತಿದ್ದಾನೆ, ಅಷ್ಟೇ. ಬೇರೆ ಯಾವ ಡ್ರೈವರಿಗಾದರೂ ಹೇಳುವಷ್ಟನ್ನೇ ನನಗೂ ಹೇಳುತ್ತಿದ್ದಾನೆ, ಹೆಂಡತಿ ಬೇಡವಾದರೂ ಡ್ಯೂಟಿ ಬಿಡುವವನಲ್ಲ ಎಂದು ಹಲ್ಲು ಕಚ್ಚಿದೆ. ಹಲ್ಲು ಕಚ್ಚಿಕೊಂಡೇ ನಿಧಾನ ಮಾಡಿದೆ. ಹಿಂದೆ ಸಿಳ್ಳೆ ಅಕ್ಕ ಗಾಬರಿಯಿಂದ ಟಿಕೆಟ್ ಲೆಕ್ಕ ನೋಡಿಕೊಂಡಳು. ಮರುದಿನವೂ ಅದೇ. ಅದರ ಮರುದಿನವೂ. ವರ್ಷದ ಮೇಲಾಯಿತು, ನೀನು ಲೈಟು ಹೊಡೆಯುವುದು, ನಾನು ಗಾಜು ಇಳಿಸಿ ನಿಧಾನ ಮಾಡುವುದು, ನಿನ್ನ ಕಿಟಕಿ ನನ್ನ ಕಿಟಕಿಯ ಪಕ್ಕದಲ್ಲಿ ಮೆಲ್ಲಗೆ ಹಾದುಹೋಗುವುದು. ನಾನೇನೂ ಕೈ ಬೀಸಲಿಲ್ಲ. ಆದರೆ ಬಲಗೆನ್ನೆಯನ್ನು ಪೂರ್ತಿ ನಿನ್ನ ಕಡೆಗೇ ಇಟ್ಟಿರುತ್ತಿದ್ದೆ, ಬಿಸಿಲು ಎಷ್ಟೇ ಇರಲಿ. ಈ ಕೆನ್ನೆ ಕಪ್ಪಾದದ್ದು ಹೀಗೆ.

ನಾನು ಬಟ್ಟೆ ಸುತ್ತಿಕೊಂಡ ಒಂದು ವಾರಕ್ಕೆ ನೀನು ಲೈಟು ನಿಲ್ಲಿಸಿದೆ. ಮೊನ್ನೆ ಗುರುವಾರ ಸೇತುವೆ ಇಳಿದು ತಿರುಗುತ್ತೇನೆ, ನಿಜವಾದ ಚೆಕಿಂಗ್‌ನವರು ಕೈ ಅಡ್ಡ ಹಿಡಿದು ನಿಂತಿದ್ದಾರೆ! ಟಿಕೆಟಿಲ್ಲದ ಇಬ್ಬರು ಸಿಕ್ಕಿಬಿದ್ದರು. ಸಿಳ್ಳೆ ಅಕ್ಕನಿಗೆ ಎಲ್ಲರೆದುರು ಬೈಗುಳ. ಅವರು ಇಳಿದುಹೋದ ಮೇಲೆ ಅವಳು ನನ್ನ ಪಕ್ಕಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ನೋಡೇ, ನಿನ್ನ ಗಂಡ ವರ್ಷಪೂರ್ತಿ ಲೈಟ್ ಹೊಡ್ದ, ಒಂದ್ ದಿನಾನೂ ಚೆಕಿಂಗ್ ಸಿಗ್ಲಿಲ್ಲ. ಲೈಟ್ ನಿಲ್ಸಿದ, ಇವತ್ತು ಸಿಕ್ತು. ಏನೇ ಇದರ ಅರ್ಥ?” ಎಂದಳು. ನನಗೇನು ಗೊತ್ತು, ಅವನಿಗೆ ಕಣ್ಣು ಮಂಜಾಗಿರಬೇಕು ಎಂದೆ. “ಮಂಜಾಗಿರೋದು ಅವನ ಕಣ್ಣಲ್ಲ, ನಿನ್ನ ಬುದ್ಧಿ. ಅವನು ಹೇಳಿದ್ದು ಚೆಕಿಂಗ್ ಇದೆ ಅಂತಲ್ಲ ಕಣೇ. ನಿಧಾನ ಮಾಡು, ಸ್ವಲ್ಪ ಹೊತ್ತು ನೋಡ್ತೀನಿ ಅಂತ” ಎಂದಳು.

ಬಸ್ಸು ನಿಂತುಹೋಯಿತು, ನಿಧಾನಪ್ಪ. ಕ್ಲಚ್ಚಿನಿಂದ ಕಾಲು ಯಾವಾಗ ಜಾರಿತೋ ಗೊತ್ತಿಲ್ಲ. ಟ್ರೈನಿಂಗ್ ಮುಗಿದ ಮೇಲೆ ನನ್ನ ಕೈಯಲ್ಲಿ ಬಸ್ಸು ಆಫ್ ಆದದ್ದು ಅದೇ ಮೊದಲು. ಹಿಂದಿನವರೆಲ್ಲ ಹಾರ್ನು ಬಡಿಯುತ್ತಿದ್ದರು, ನಾನು ಸ್ಟೀರಿಂಗ್ ಹಿಡಿದುಕೊಂಡು ಅಳುತ್ತಿದ್ದೆ, ಸಿಳ್ಳೆ ಅಕ್ಕ ಪ್ಯಾಸೆಂಜರುಗಳಿಗೆ ಇಂಜಿನ್ ಬಿಸಿಯಾಗಿದೆ ಎಂದು ಸಮಾಧಾನ ಹೇಳುತ್ತಿದ್ದಳು.

ಆ ‘ಮೊದಲು ಹೇಗೆ ಕಾಣುತ್ತಿದ್ದೆ’ಗೆ ನೀನು ಉತ್ತರ ಕೊಡುತ್ತಲೇ ಇದ್ದೆ, ದಿನಕ್ಕೆರಡು ಸಲ. ನಾನು ಅದನ್ನು ಡ್ಯೂಟಿ ಎಂದುಕೊಂಡೆ. ನೀನಾದರೂ ಎಂಥವನು, ಪ್ರೀತಿಗೂ ಚೆಕಿಂಗಿಗೂ ಒಂದೇ ಲೈಟು ಹೊಡೆದರೆ ಯಾರಿಗೆ ತಿಳಿಯಬೇಕು? ಒಂದು ಹೂವು ಎಸೆಯಬಾರದಿತ್ತೇ? ನಾನು ಬಟ್ಟೆ ಸುತ್ತಿಕೊಂಡಾಗ ನಿನಗೆ ಏನನ್ನಿಸಿರಬಹುದು ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಕಡೆಗೆ ಮುಖ ತೋರಿಸುವುದನ್ನೂ ನಿಲ್ಲಿಸಿದಳು ಎಂದುಕೊಂಡಿರುತ್ತೀ. ಅಲ್ಲ. ಆ ಒಂದು ಕ್ಷಣಕ್ಕಾಗಿಯೇ ನಾನು ಬೆಳಿಗ್ಗೆ ಏಳುತ್ತಿದ್ದೆ.

ಮನೆ ಹಾಗೇ ಇದೆ. ಬೇಸಿನ್ ಮೇಲಿನ ಕನ್ನಡಿ ನಿನ್ನ ಎತ್ತರಕ್ಕೇ ನೇತಾಡುತ್ತಿದೆ, ಇಳಿಸಲು ಮನಸ್ಸಾಗದೆ ಮಣೆ ಹಾಕಿಕೊಂಡು ನಿಂತು ಮುಲಾಮು ಹಚ್ಚಿಕೊಳ್ಳುತ್ತೇನೆ. ನೀನು ಗುಂಡಿ ಹಾಕುವುದರೊಳಗೆ ನನ್ನ ಟೀ ಮುಗಿಯುತ್ತಿತ್ತು ಎಂದು ಬೈಯುತ್ತಿದ್ದೆನಲ್ಲ, ಈಗ ಟೀ ಆರುತ್ತದೆ. ಯಾರಿಗೆ ಅವಸರ ಮಾಡಲಿ? ಅವಸರ ಮಾಡಲು ಒಬ್ಬ ನಿಧಾನದವನು ಎದುರಿಗೆ ಬೇಕು. ನೀನು ಬೇಕು ಎಂದು ಇಷ್ಟು ನೇರವಾಗಿ ನಾನು ಯಾವತ್ತೂ ಹೇಳಿರಲಿಲ್ಲ, ಹೇಳಿದ್ದೇನೆ.

ಇನ್ನೊಂದು ವಿಷಯ. ಮಧ್ಯಾಹ್ನದ ಬಿಸಿಲಿನ ಡ್ಯೂಟಿ ಬೇಡವೆಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ಡಿಪೋ ಮ್ಯಾನೇಜರು ಎಂದಿಲ್ಲದ ಹಾಗೆ ಒಳ್ಳೆಯ ಮಾತಿನಲ್ಲಿ ಕರೆದು, ಬೆಳಗಿನ ಮೊದಲ ಬಸ್ಸು ಕೊಡುತ್ತೇನೆ, ಊರೊಳಗಿನ ರೂಟು, ಬಿಸಿಲೇರುವ ಮೊದಲೇ ಮನೆ ಎಂದಿದ್ದಾರೆ. ಮುಖಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಆ ರೂಟು ಸೇತುವೆಯ ಕಡೆಗೆ ಬರುವುದೇ ಇಲ್ಲ. ಕೆನ್ನೆ ತಿಳಿಯಾಗಬೇಕಾದರೆ ನಿನ್ನನ್ನು ನೋಡುವುದು ಬಿಡಬೇಕು, ನಿನ್ನನ್ನು ನೋಡಬೇಕಾದರೆ ಕೆನ್ನೆಯ ಆಸೆ ಬಿಡಬೇಕು. ಸೋಮವಾರದೊಳಗೆ ಉತ್ತರ ಹೇಳಬೇಕಂತೆ. ನೀನೇ ಹೇಳು, ನಾನು ಏನು ಮಾಡಲಿ? ಹ್ಞೂ ಎಂದರೆ ಸಾಲದು.

ಈ ಕಾಗದವನ್ನು ಇವತ್ತು ಸಂಜೆಯೇ ಸಿಳ್ಳೆ ಅಕ್ಕ ನಿಮ್ಮ ಕಡೆಯ ಬಸ್ ನಿಲ್ದಾಣದಲ್ಲಿ ನಿನ್ನ ಕೈಗೇ ಕೊಡುತ್ತಾಳೆ. ಜೊತೆಗೆ ಒಂದು ಟ್ಯೂಬೂ ಇದೆ. ಹೆದರಬೇಡ, ಇದು ಬರೀ ಸನ್‌ಸ್ಕ್ರೀನು. ನಾನೂ ಕಣ್ಣಿರುವವಳೇ. ಮೋಡ ಕವಿದು ಚಳಿ ಹೊಡೆಯುವ ದಿನವೂ ಸೇತುವೆ ಬಂದ ಕೂಡಲೇ ನಿನ್ನ ಗಾಜು ಇಳಿಯುತ್ತಿತ್ತು, ನಿನ್ನ ಕಿಟಕಿ ಕಡೆಯ ಕೆನ್ನೆಯೂ ಕಪ್ಪಾಗಿದೆ. ಅಲ್ಲಿ ಗಾಳಿ ಚೆನ್ನಾಗಿರುತ್ತದೆ, ಅಲ್ಲವೇ? ಎರಡು ಬೆರಳಿನ ಉದ್ದ, ಕಿವಿಯ ತನಕ ಹಚ್ಚು.

ನಿನ್ನ,
ಗಡಿಬಿಡಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನೀನು ಏನು ಹೇಳುತ್ತೀ ಎಂದು ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಶುಕ್ರವಾರವೇ ಬೆಳಗಿನ ಡ್ಯೂಟಿಗೆ ಸಹಿ ಹಾಕಿಬಿಟ್ಟೆ. ನಾಳೆ ಸೇತುವೆಯ ಮೇಲೆ ನನ್ನ ಬಸ್ಸಿನಲ್ಲಿ ನನ್ನ ಬದಲು ಒಬ್ಬ ಮೀಸೆಯವನು ಬರುತ್ತಾನೆ, ಅವನಿಗೆ ಲೈಟು ಹೊಡೆಯಬೇಡ, ಸಿಳ್ಳೆ ಅಕ್ಕ ಮತ್ತೆ ಟಿಕೆಟ್ ಲೆಕ್ಕ ನೋಡಬೇಕಾಗುತ್ತದೆ. ಇನ್ನು ಮೇಲೆ ನನ್ನ ಮುಖ ನೋಡಬೇಕಾದರೆ ನೀನು ಮನೆಗೇ ಬರಬೇಕು. ಬಿಸಿಲೇರುವ ಹೊತ್ತಿಗೆ ಮುಸುಕಿನ ಬಟ್ಟೆ ಬಿಚ್ಚಿ, ಮುಖ ತೊಳೆದು ಕೂತಿರುತ್ತೇನೆ. ಇಷ್ಟು ದಿನ ನೀನು ನೋಡಿದ್ದು ಒಂದೇ ಕೆನ್ನೆ. ಇನ್ನೊಂದು ಇಲ್ಲೇ ಇದೆ. ನಿಧಾನವಾಗಿ ಬಾ ಎಂದು ಬರೆಯಲು ಹೊರಟಿದ್ದೆ. ಬೇಡ. ಇದೊಂದು ಸಲ ಗಡಿಬಿಡಿ ಮಾಡು.